“ಓದಿದ್ದೇನೆ, ಒಪ್ಪಿದ್ದೇನೆ” – ಈ ಮಾತಿನ ಹೊಣೆ

ನಮ್ಮ ಊರಿನಲ್ಲಿ ಐದು ಸೆಂಟ್ಸ್ ಜಾಗ ಕೊಳ್ಳುವ ಒಬ್ಬ ಸಾಮಾನ್ಯ ಮನುಷ್ಯನನ್ನು ಗಮನಿಸಿರಿ. ಆತನು ಮೊದಲು ಜಾಗದ ಮೂಲಪತ್ರ ಕೇಳುತ್ತಾನೆ. ಸಾಲದ ಹೊರೆ ಇದೆಯೇ ಎಂದು ವಿಚಾರಿಸುತ್ತಾನೆ. ತನಗೆ ಓದು ಬಾರದಿದ್ದರೆ ಓದು ಬಲ್ಲ ಬಂಧುವೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾನೆ. ಪತ್ರ ಬರಹಗಾರರು ಬರೆದುದನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಾನೆ. ದಾರಿಯ ಹಕ್ಕು ಯಾರದು, ಬಾವಿಯ ನೀರು ಯಾರಿಗೆ ಎಂಬುದೆಲ್ಲ ಸ್ಪಷ್ಟವಾದ ಬಳಿಕವೇ ಹೆಬ್ಬೆರಳನ್ನು ಶಾಯಿಗೆ ಅದ್ದುತ್ತಾನೆ.

ಅದೇ ಮನುಷ್ಯನು ಅದೇ ದಿನ ಸಂಜೆ ಬಸ್ಸಿನಲ್ಲಿ ಕುಳಿತು ತನ್ನ ಮೊಬೈಲಿಗೆ ಹೊಸದೊಂದು ಆ್ಯಪ್ ಹಾಕಿಕೊಳ್ಳುತ್ತಾನೆ. ಪರದೆಯ ಮೇಲೆ ಉದ್ದನೆಯ ಬರಹವೊಂದು ಮೂಡುತ್ತದೆ. ಅದರ ಕೆಳಗೆ ‘ಷರತ್ತುಗಳನ್ನು ಓದಿದ್ದೇನೆ, ಒಪ್ಪಿದ್ದೇನೆ’ ಎಂಬ ಚೌಕ. ಬಸ್ಸು ಮುಂದಿನ ನಿಲ್ದಾಣ ತಲಪುವ ಮೊದಲೇ ಆತನು ಅದನ್ನು ಒತ್ತಿಬಿಡುತ್ತಾನೆ. ಬೆಳಿಗ್ಗೆ ಅಷ್ಟೊಂದು ಜಾಗರೂಕವಾಗಿದ್ದ ಅದೇ ಹೆಬ್ಬೆರಳು!

ಎರಡರಲ್ಲೂ ಆತನು ಕರಾರು ಮಾಡಿಕೊಂಡಿದ್ದಾನೆ. ಮೊದಲನೆಯದನ್ನು ಕರಾರೆಂದು ತಿಳಿದು ಮಾಡಿದನು. ಎರಡನೆಯದನ್ನು ತಿಳಿಯದೆ ಮಾಡಿದನು. ವ್ಯತ್ಯಾಸ ಇಷ್ಟೇ. ಈ ಎರಡನೆಯ ಕರಾರಿನ ಬಗ್ಗೆ ಕಾನೂನು ಏನನ್ನುತ್ತದೆ, ನಮ್ಮ ಧರ್ಮವು ನಮ್ಮಿಂದ ಏನನ್ನು ಬಯಸುತ್ತದೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಇದು ನಿಜವಾಗಿಯೂ ಕರಾರೇ?

ಹೌದು. ನಮ್ಮ ದೇಶದ 1872ರ ಕರಾರು ಕಾಯ್ದೆಯ ಪ್ರಕಾರ, ಕರಾರು ಮಾಡಲು ಅರ್ಹರಾದವರು ಸ್ವತಂತ್ರ ಒಪ್ಪಿಗೆಯಿಂದ, ಕಾನೂನುಬದ್ಧ ಉದ್ದೇಶಕ್ಕಾಗಿ, ಪ್ರತಿಫಲದೊಂದಿಗೆ ಮಾಡಿಕೊಂಡ ಒಪ್ಪಂದವು ಕರಾರಾಗುತ್ತದೆ. ಅದು ಕಾಗದದ ಮೇಲೆಯೇ ಇರಬೇಕೆಂಬ ಸಾಮಾನ್ಯ ನಿಯಮವಿಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರ ತಿದ್ದುಪಡಿಯ ಮೂಲಕ ಸೇರಿಸಲಾದ 10ಎ ಕಲಮು ಈ ವಿಷಯದಲ್ಲಿದ್ದ ಸಂಶಯವನ್ನೂ ನಿವಾರಿಸಿತು. ವಿದ್ಯುನ್ಮಾನ ರೂಪದಲ್ಲಿ ಆಯಿತೆಂಬ ಒಂದೇ ಕಾರಣಕ್ಕೆ ಕರಾರು ಅಸಿಂಧುವಾಗುವುದಿಲ್ಲ. ಆದುದರಿಂದ ‘ಸುಮ್ಮನೆ ಒತ್ತಿದೆ’ ಎಂಬ ಮಾತಿಗೆ ನ್ಯಾಯಾಲಯದಲ್ಲಿ ಹೆಚ್ಚಿನ ಬೆಲೆಯಿಲ್ಲ.

ಧರ್ಮದ ದೃಷ್ಟಿಯಲ್ಲಿ ವಿಷಯವು ಇನ್ನೂ ಗಂಭೀರವಾಗಿದೆ. ಕರಾರುಗಳನ್ನು ಪೂರೈಸಬೇಕೆಂದು ಸೂರಃ ಅಲ್ ಮಾಇದದ ಮೊದಲ ಸೂಕ್ತದಲ್ಲೇ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಆಜ್ಞಾಪಿಸಿದ್ದಾನೆ. ಕೊಟ್ಟ ಮಾತಿನ ಬಗ್ಗೆ ನಾಳೆ ಪ್ರಶ್ನೆಯಿದೆಯೆಂದು ಸೂರಃ ಬನೀ ಇಸ್ರಾಈಲ್‌ನಲ್ಲಿ (17:34) ಎಚ್ಚರಿಸಿದ್ದಾನೆ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (2:282) ನಮಾಝಿನ ಬಗ್ಗೆಯಾಗಲಿ ಹಜ್ಜಿನ ಬಗ್ಗೆಯಾಗಲಿ ಇಲ್ಲ. ಸಾಲದ ವ್ಯವಹಾರವನ್ನು ಹೇಗೆ ಬರೆದಿಡಬೇಕು ಎಂಬುದರ ಬಗ್ಗೆ ಇದೆ! ಮೊತ್ತವು ಚಿಕ್ಕದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದೆಂದು ಅದರಲ್ಲಿ ಹೇಳಲಾಗಿದೆ. ಬರೆಯಲು ಬೇಸರಪಡಬಾರದೆಂದ ಮೇಲೆ ಬರೆದಿಟ್ಟದ್ದನ್ನು ಓದಲು ಬೇಸರಪಡುವುದು ಸರಿಯೇ?

ಒಂದು ಒತ್ತು, ಎರಡು ಹೇಳಿಕೆ

ಆ ಚೌಕವನ್ನು ಒತ್ತುವಾಗ ನಾವು ಎರಡು ಮಾತು ಹೇಳುತ್ತಿದ್ದೇವೆ. ‘ಒಪ್ಪಿದ್ದೇನೆ’ ಎಂಬುದು ವಾಗ್ದಾನ. ‘ಓದಿದ್ದೇನೆ’ ಎಂಬುದು ನಡೆದುಹೋದ ಸಂಗತಿಯ ಬಗ್ಗೆ ಕೊಡುವ ಹೇಳಿಕೆ. ಓದದೆ ಓದಿದ್ದೇನೆಂದರೆ ಅದಕ್ಕೆ ಸುಳ್ಳು ಎಂಬುದರ ಹೊರತು ಬೇರೆ ಹೆಸರಿಲ್ಲ. ನಾವು ದಿನವೂ ಇಷ್ಟು ಸಲೀಸಾಗಿ ಹೇಳುವ ಬೇರೊಂದು ಸುಳ್ಳು ಇರಲಿಕ್ಕಿಲ್ಲ.

ಜನರು ಎಷ್ಟರಮಟ್ಟಿಗೆ ಓದುವುದಿಲ್ಲ ಎಂಬುದಕ್ಕೆ ಎರಡು ಉದಾಹರಣೆಗಳನ್ನು ನೋಡಿರಿ. 2010ರ ಏಪ್ರಿಲ್ 1ರಂದು ಬ್ರಿಟನ್ನಿನ ಗೇಮ್‌ಸ್ಟೇಷನ್ ಎಂಬ ಅಂಗಡಿಯು ತನ್ನ ಆನ್‌ಲೈನ್ ಷರತ್ತುಗಳ ನಡುವೆ ತಮಾಷೆಗಾಗಿ ಒಂದು ಸಾಲನ್ನು ಸೇರಿಸಿತು. ಗ್ರಾಹಕನು ತನ್ನ ಆತ್ಮದ ಮೇಲಿನ ಹಕ್ಕನ್ನು ಅಂಗಡಿಗೆ ಬಿಟ್ಟುಕೊಡುತ್ತಾನೆ ಎಂಬುದೇ ಆ ಸಾಲು. ಅದನ್ನು ಓದಿ ನಿರಾಕರಿಸಿದವರಿಗೆ 5 ಪೌಂಡಿನ ಚೀಟಿಯನ್ನೂ ಇಟ್ಟಿದ್ದರು. ಆದರೂ ಸುಮಾರು 7,500 ಮಂದಿ ಒಪ್ಪಿ ಮುಂದೆ ಹೋದರು. 2016ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 543 ವಿದ್ಯಾರ್ಥಿಗಳ ಮುಂದೆ ಕಾಲ್ಪನಿಕ ಸೇವೆಯೊಂದರ ಷರತ್ತುಗಳನ್ನು ಇಡಲಾಯಿತು. ಸೇವೆಯ ಶುಲ್ಕವಾಗಿ ಚೊಚ್ಚಲ ಮಗುವನ್ನು ಕೊಡಬೇಕೆಂಬ ಷರತ್ತು ಅದರಲ್ಲಿತ್ತು. ನೂರಕ್ಕೆ 98 ಮಂದಿಗೆ ಅದು ಕಣ್ಣಿಗೆ ಬೀಳಲಿಲ್ಲ.

ಇಂತಹ ಷರತ್ತುಗಳಿಗೆ ಯಾವ ನ್ಯಾಯಾಲಯದಲ್ಲೂ ಬೆಲೆಯಿಲ್ಲ, ನಿಜ. ಆದರೆ ಆತ್ಮವನ್ನೂ ಮಗುವನ್ನೂ ಬರೆದುಕೊಟ್ಟದ್ದೇ ಗೊತ್ತಾಗದವರಿಗೆ ತಿಂಗಳಿಗೆ 199 ರೂಪಾಯಿ ಕಡಿತವಾಗುವ ಷರತ್ತು ಗೊತ್ತಾಗುವುದು ಹೇಗೆ?

ಎಲ್ಲವನ್ನೂ ಓದಲು ಸಾಧ್ಯವೇ?

‘ಉಸ್ತಾದರೇ, ಅಷ್ಟುದ್ದ ಇಂಗ್ಲಿಷನ್ನು ಓದುತ್ತಾ ಕುಳಿತರೆ ಹೊಟ್ಟೆಪಾಡು ನಡೆಯುವುದು ಹೇಗೆ?’ ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2008ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಲೆಕ್ಕ ಹಾಕಿದಂತೆ, ಒಬ್ಬನು ತಾನು ಭೇಟಿ ಕೊಡುವ ಜಾಲತಾಣಗಳ ಖಾಸಗಿತನದ ನೀತಿಗಳನ್ನೆಲ್ಲ ಓದಬೇಕಾದರೆ ವರ್ಷಕ್ಕೆ ಸುಮಾರು 244 ಗಂಟೆ ಬೇಕು. ಆಗಲೇ ಪರಿಸ್ಥಿತಿ ಹಾಗಿತ್ತು.

ಶಕ್ತಿಗೆ ಮೀರಿದ ಹೊರೆಯನ್ನು ಅಲ್ಲಾಹನು ಯಾರ ಮೇಲೂ ಹೊರಿಸುವುದಿಲ್ಲ. ಆದರೆ ಎಲ್ಲವನ್ನೂ ಓದಲಾಗುವುದಿಲ್ಲ ಎಂಬುದು ಏನನ್ನೂ ಓದದಿರಲು ನೆಪವಾಗಬಾರದು. ಹವಾಮಾನ ನೋಡುವ ಆ್ಯಪಿಗೂ ಹಣ ಸಾಲ ಕೊಡುವ ಆ್ಯಪಿಗೂ ಒಂದೇ ಮಟ್ಟದ ಎಚ್ಚರ ಬೇಕಿಲ್ಲ. ನಿಮ್ಮ ಹಣ, ನಿಮ್ಮ ಮಕ್ಕಳು, ಇತರರು ನಿಮ್ಮಲ್ಲಿ ನಂಬಿ ಇಟ್ಟದ್ದು – ಇವುಗಳಲ್ಲಿ ಒಂದಾದರೂ ಸೇರಿದೆಯೆಂದಾದರೆ ಓದದೆ ಒತ್ತಬಾರದು. ಓದುವಾಗಲೂ ಐದು ಜಾಗಗಳನ್ನು ಹುಡುಕಿದರೆ ಮುಖ್ಯವಾದುದು ಸಿಗುತ್ತದೆ:

1. ಹಣ: ‘ಮೊದಲ ತಿಂಗಳು ಉಚಿತ’ ಎಂದಿದ್ದರೆ ಎರಡನೆಯ ತಿಂಗಳು ಏನು? ಖಾತೆಯಿಂದ ತಾನಾಗಿ ಕಡಿತವಾಗಲು ಅನುಮತಿ ಕೇಳುತ್ತಿದೆಯೇ? ರದ್ದು ಮಾಡಿದರೆ ಹಣ ಮರಳುತ್ತದೆಯೇ?

2. ಮಾಹಿತಿ: ಸಂಪರ್ಕ ಪಟ್ಟಿ, ಫೋಟೋಗಳು, ನೀವಿರುವ ಸ್ಥಳ – ಯಾವುದನ್ನು ಕೇಳುತ್ತಿದೆ? ಆ ಸೇವೆಗೆ ಅದು ನಿಜಕ್ಕೂ ಬೇಕೇ? ಯಾರಿಗೆ ಹಂಚುತ್ತದೆ?

3. ಚಿತ್ರ ಮತ್ತು ಬರಹ: ಅನೇಕ ಸೇವೆಗಳ ಷರತ್ತುಗಳಲ್ಲಿ ಚಿತ್ರದ ಒಡೆತನ ನಿಮ್ಮದೇ ಎಂದಿರುತ್ತದೆ, ಅದನ್ನು ಬಳಸುವ ವಿಶಾಲವಾದ ಅನುಮತಿಯನ್ನು ಮಾತ್ರ ಕಂಪೆನಿ ಪಡೆದುಕೊಂಡಿರುತ್ತದೆ. ಮನೆಯ ಹೆಣ್ಣುಮಕ್ಕಳ ಮತ್ತು ಎಳೆಯ ಮಕ್ಕಳ ಚಿತ್ರವನ್ನು ಹಾಕುವ ಮೊದಲು ಇದು ನೆನಪಿರಲಿ.

4. ವಿವಾದ: ತಕರಾರು ಬಂದರೆ ಯಾವ ಊರಿನ ನ್ಯಾಯಾಲಯ? ನಷ್ಟವಾದರೆ ಕಂಪೆನಿಯ ಹೊಣೆ ಎಷ್ಟು?

5. ನಿರ್ಗಮನ: ಖಾತೆ ಮುಚ್ಚುವುದು ಹೇಗೆ? ಆ್ಯಪನ್ನು ಮೊಬೈಲಿನಿಂದ ಅಳಿಸಿದ ಮಾತ್ರಕ್ಕೆ ಸಾಮಾನ್ಯವಾಗಿ ಖಾತೆ ಮುಚ್ಚುವುದಿಲ್ಲ, ತಿಂಗಳ ಕಡಿತವೂ ನಿಲ್ಲುವುದಿಲ್ಲ.

ಇಷ್ಟಕ್ಕೆ ಹತ್ತು ನಿಮಿಷ ಸಾಕು. ನಾವು ಒಂದು ಲೋಟ ಚಹಾ ಕುಡಿಯುತ್ತಾ ಕಳೆಯುವುದು ಇದಕ್ಕಿಂತ ಹೆಚ್ಚು.

ಒಬ್ಬ ವಿದ್ಯಾರ್ಥಿಯ ಪ್ರಶ್ನೆ

ಒಮ್ಮೆ ಮದ್ರಸದಲ್ಲಿ ಸತ್ಯಸಂಧತೆಯ ಪಾಠ ಮಾಡುತ್ತಿದ್ದೆ. ಕಪಟವಿಶ್ವಾಸಿಯ ಲಕ್ಷಣಗಳಾಗಿ ಪ್ರವಾದಿ(ಸ)ರವರು ಎಣಿಸಿದವುಗಳನ್ನು ವಿವರಿಸಿದೆ: ಮಾತಾಡಿದರೆ ಸುಳ್ಳು, ವಾಗ್ದಾನ ಮಾಡಿದರೆ ಭಂಗ, ನಂಬಿ ಕೊಟ್ಟದ್ದರಲ್ಲಿ ವಂಚನೆ. ಹನ್ನೊಂದು ವರ್ಷದ ಹುಡುಗನೊಬ್ಬ ಎದ್ದು ನಿಂತ. “ಉಸ್ತಾದ್, ನನ್ನ ಖಾತೆಯಲ್ಲಿ ಹುಟ್ಟಿದ ವರ್ಷ 2004 ಎಂದಿದೆ. ಅದನ್ನು ಹಾಕಿಕೊಟ್ಟದ್ದು ಉಪ್ಪ. ಹಾಗಾದರೆ ಸುಳ್ಳು ನನ್ನದೋ, ಉಪ್ಪನದೋ?”

ತರಗತಿಯು ನಕ್ಕಿತು. ನನಗೆ ನಗು ಬರಲಿಲ್ಲ. ನನ್ನ ಅಣ್ಣನ ಮಗನಿಗೆ ಅದೇ ರೀತಿ ವರ್ಷ ಬದಲಿಸಿ ಖಾತೆ ತೆರೆದುಕೊಟ್ಟವನು ನಾನೇ ಆಗಿದ್ದೆ. “ಸುಳ್ಳು ಹಿರಿಯರದು ಮಗೂ” ಎಂದು ಉತ್ತರಿಸಿದೆ. ಅಂದು ರಾತ್ರಿ ಮನೆಗೆ ಹೋಗಿ ಆ ಖಾತೆಯನ್ನು ಮುಚ್ಚಿಸಿದೆ. ಅಣ್ಣನ ಮಗ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಮೊದಲಾದ ಸೇವೆಗಳ ಷರತ್ತಿನಲ್ಲೇ 13 ವರ್ಷ ತುಂಬದವರಿಗೆ ಪ್ರವೇಶವಿಲ್ಲ ಎಂದಿದೆ. ನಮ್ಮ ಕರಾರು ಕಾಯ್ದೆಯಂತೆ 18 ತುಂಬದವರು ಕರಾರು ಮಾಡಲು ಅರ್ಹರೇ ಅಲ್ಲ. ಅಂತಹ ಕರಾರು ಮೊದಲಿನಿಂದಲೇ ಶೂನ್ಯವೆಂದು 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪಿತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿಯೂ 18ಕ್ಕಿಂತ ಕೆಳಗಿನವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆಯನ್ನು ಪರಿಶೀಲಿಸಿ ಪಡೆಯಬೇಕೆಂದು ಬರೆಯಲಾಗಿದೆ. ಈ ಬೇಲಿಗಳನ್ನು ಕಟ್ಟಿರುವುದು ಮಗುವಿನ ರಕ್ಷಣೆಗಾಗಿ. ಸುಳ್ಳು ವರ್ಷ ಬರೆದು ಬೇಲಿ ಕಿತ್ತವರು ನಾವೇ ಆದರೆ, ಒಳಗೆ ಬಂದ ತೋಳವನ್ನು ದೂರುವುದು ಹೇಗೆ? ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಬೇಕಾದುದು ಸಿಗಬೇಕಾದರೆ ಸುಳ್ಳು ಬರೆಯಬಹುದು ಎಂಬ ಪಾಠವನ್ನು ಮಗು ಹೆತ್ತವರಿಂದಲೇ ಕಲಿಯುತ್ತದೆ.

ನಮ್ಮದಲ್ಲದ್ದನ್ನು ಕೊಡಬಾರದು

ನನಗೆ ಪರಿಚಿತರಾದ ಒಬ್ಬ ಸಣ್ಣ ವ್ಯಾಪಾರಿಗೆ ತುರ್ತಾಗಿ ಎಂಟು ಸಾವಿರ ರೂಪಾಯಿ ಬೇಕಾಯಿತು. ಯಾರ ಮುಂದೆಯೂ ಕೈಚಾಚಲು ನಾಚಿ ಮೊಬೈಲಿನ ಒಂದು ಸಾಲದ ಆ್ಯಪಿನಿಂದ ಪಡೆದರು. ಅದು ಸಂಪರ್ಕ ಪಟ್ಟಿಯನ್ನು ಕೇಳಿದಾಗ ಕಣ್ಣುಮುಚ್ಚಿ ಒಪ್ಪಿದ್ದರು. ಕಂತು ತಪ್ಪಿದ ಮೂರನೆಯ ದಿನ ಅವರ ಬೀಗರಿಗೆ, ಮಸೀದಿಯ ಕಾರ್ಯದರ್ಶಿಗೆ, ಮಗಳ ಶಾಲೆಯ ಟೀಚರಿಗೆ ಕರೆಗಳು ಹೋದವು. ಒಬ್ಬರಿಂದ ಕೇಳಲು ನಾಚಿದ ಮಾತು ಇಡೀ ಊರಿಗೆ ತಿಳಿಯಿತು.

ಇಲ್ಲಿ ಎರಡು ಪಾಠಗಳಿವೆ. ಒಂದು, ಸಂಪರ್ಕ ಪಟ್ಟಿಯಲ್ಲಿರುವ ಹೆಸರುಗಳು ನಮ್ಮ ಸೊತ್ತಲ್ಲ. ಅವರು ನಮ್ಮನ್ನು ನಂಬಿ ಕೊಟ್ಟ ಅಮಾನತ್ತುಗಳು. ಅನುಮತಿಯಿಲ್ಲದೆ ಇನ್ನೊಬ್ಬರ ಮನೆಯೊಳಗೆ ಕಾಲಿಡಬಾರದೆಂದು ಕಲಿಸಲ್ಪಟ್ಟವರು, ಇನ್ನೊಬ್ಬರ ಮನೆಗೆ ಅಪರಿಚಿತನನ್ನು ಕಳುಹಿಸುವುದು ಸರಿಯೇ? ಎರಡು, ಆ ಸಾಲದಾತನು ಕಾನೂನನ್ನೂ ಮುರಿದಿದ್ದನು. ರಿಸರ್ವ್ ಬ್ಯಾಂಕಿನ 2022ರ ಸೆಪ್ಟೆಂಬರ್ ತಿಂಗಳ ಮಾರ್ಗಸೂಚಿಯಂತೆ ಸಾಲದ ಆ್ಯಪ್ ಸಂಪರ್ಕ ಪಟ್ಟಿ, ಕರೆಗಳ ವಿವರ, ಫೋಟೋಗಳನ್ನು ಮುಟ್ಟುವಂತಿಲ್ಲ. ಸಾಲದ ಒಟ್ಟು ವೆಚ್ಚವನ್ನು ವಾರ್ಷಿಕ ದರದಲ್ಲಿ ತೋರಿಸುವ ಒಂದು ಮುಖ್ಯಾಂಶ ಪತ್ರವನ್ನು ಮೊದಲೇ ಕೊಡಬೇಕು. ದಂಡವಿಲ್ಲದೆ ಸಾಲದಿಂದ ಹೊರಬರಲು ಒಂದಷ್ಟು ಅವಧಿಯನ್ನೂ ಕೊಡಬೇಕು. 2025ರಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಈ ನಿಯಮಗಳನ್ನು ಉಳಿಸಿಕೊಳ್ಳಲಾಗಿದೆ. ಆ ಪತ್ರವನ್ನು ಓದಿದ್ದರೆ ‘ಸೇವಾ ಶುಲ್ಕ’ ಎಂಬ ಹೆಸರಿನ ಮರೆಯಲ್ಲಿ ನಿಂತಿದ್ದ ಬಡ್ಡಿಯೂ ನಮ್ಮ ವ್ಯಾಪಾರಿಗೆ ಕಾಣುತ್ತಿತ್ತು. ಒಬ್ಬ ಸಹೋದರನು ಎಂಟು ಸಾವಿರಕ್ಕಾಗಿ ಅಲ್ಲಿಗೆ ಹೋಗಬೇಕಾಯಿತೆಂದರೆ, ಆ ಲಜ್ಜೆಯಲ್ಲಿ ನೆರೆಕರೆಯವರಾದ ನಮಗೂ ಪಾಲಿದೆ.

ಇದೇ ಸಾಲಿಗೆ ಸೇರುವ ಇನ್ನೊಂದು ಅಪಾಯವಿದೆ. ‘ನಿನ್ನ ಬ್ಯಾಂಕ್ ಖಾತೆಯನ್ನು ನಾಲ್ಕು ದಿನ ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಯುವಕರನ್ನು ಸೆಳೆಯುವವರಿದ್ದಾರೆ. ಖಾತೆ ತೆರೆಯುವಾಗ ಸಹಿ ಹಾಕಿದ ಷರತ್ತಿನಂತೆ ಖಾತೆ, ಗುಪ್ತಸಂಖ್ಯೆ ಇತ್ಯಾದಿಗಳನ್ನು ಬೇರೆಯವರಿಗೆ ಕೊಡುವಂತಿಲ್ಲ. ಆ ಖಾತೆಯ ಮೂಲಕ ಹರಿಯುವುದು ಯಾರೋ ಬಡ ವಿಧವೆಯಿಂದ ದೋಚಿದ ಹಣವಾಗಿರಬಹುದು. ಪೊಲೀಸರು ಮೊದಲು ಬರುವುದು ಖಾತೆಯ ಹೆಸರಿನವನ ಮನೆಗೆ. ತಂದೆತಾಯಂದಿರೇ, ನಿಮ್ಮ ಕಾಲೇಜು ಓದುವ ಮಕ್ಕಳಿಗೆ ಇದನ್ನು ಇಂದೇ ತಿಳಿಸಿರಿ.

ಷರತ್ತೇ ಅನ್ಯಾಯವಾಗಿದ್ದರೆ?

ಮಾತಿಗೆ ಬದ್ಧರಾಗಬೇಕೆಂದರೆ ಎಲ್ಲ ಷರತ್ತಿಗೂ ತಲೆಬಾಗಬೇಕೆಂದು ಅರ್ಥವಲ್ಲ. ಮುಸ್ಲಿಮರು ತಮ್ಮ ಷರತ್ತುಗಳಿಗೆ ಬದ್ಧರು ಎಂದು ಕಲಿಸಿದ ಹದೀಸಿನಲ್ಲೇ, ಹಲಾಲನ್ನು ಹರಾಮಾಗಿ ಅಥವಾ ಹರಾಮನ್ನು ಹಲಾಲಾಗಿ ಮಾಡುವ ಷರತ್ತಿಗೆ ವಿನಾಯಿತಿಯಿದೆ. ಬರೀರಾ(ರ) ಎಂಬ ದಾಸಿಯನ್ನು ಖರೀದಿಸಿ ಬಿಡುಗಡೆಗೊಳಿಸಲು ಆಇಶಾ(ರ) ಬಯಸಿದಾಗ ಒಡೆಯರು ನ್ಯಾಯವಲ್ಲದ ಷರತ್ತೊಂದನ್ನು ಹಾಕಿದರು. ಅಲ್ಲಾಹನ ಗ್ರಂಥಕ್ಕೆ ವಿರುದ್ಧವಾದ ಷರತ್ತುಗಳು ನೂರಿದ್ದರೂ ಅಸಿಂಧುವೆಂದು ಪ್ರವಾದಿ(ಸ)ರವರು ಬಹಿರಂಗವಾಗಿ ಸಾರಿದರು.

ಇನ್ನೊಮ್ಮೆ ಅವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆದುದೆಂದು ವ್ಯಾಪಾರಿ ಹೇಳಿದನು. ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬೇಕಿತ್ತೆಂದು ಹೇಳಿ, ಮೋಸ ಮಾಡಿದವನು ತಮ್ಮವನಲ್ಲವೆಂದು ಎಚ್ಚರಿಸಿದರು. ನಲವತ್ತನೆಯ ಪುಟದಲ್ಲಿ ಇರುವೆಯಕ್ಷರದಲ್ಲಿ ಅಡಗಿಸಿಟ್ಟ ಷರತ್ತು ಆ ಒದ್ದೆ ಧಾನ್ಯವೇ ಆಗಿದೆ. ಆನ್‌ಲೈನ್‌ನಲ್ಲಿ ವ್ಯಾಪಾರ ಮಾಡುವ ನಮ್ಮ ಸಹೋದರ ಸಹೋದರಿಯರೂ ಇದನ್ನು ಗಮನಿಸಬೇಕು. ‘ಮಾರಿದ ಬಟ್ಟೆ ಹಿಂದಕ್ಕೆ ಪಡೆಯುವುದಿಲ್ಲ’ ಎಂಬುದನ್ನು ಹಣ ಬಂದ ಮೇಲೆ ತಿಳಿಸುವುದು ಮುಸ್ಲಿಮನ ವ್ಯಾಪಾರವಲ್ಲ.

ನಮ್ಮ ದೇಶದ ಕಾನೂನೂ ದುರ್ಬಲನ ಕೈಬಿಟ್ಟಿಲ್ಲ. ಸಮಬಲವಿಲ್ಲದವರ ಮೇಲೆ ಬಲಿಷ್ಠರು ಹೇರಿದ, ಮನಸ್ಸಾಕ್ಷಿಗೆ ಒಪ್ಪದ ಷರತ್ತು ನಿಲ್ಲದೆಂದು ಸುಪ್ರೀಂ ಕೋರ್ಟ್ 1986ರಲ್ಲಿ ಬ್ರೊಜೊನಾಥ್ ಗಂಗೂಲಿ ಪ್ರಕರಣದಲ್ಲಿ ಹೇಳಿತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಅನ್ಯಾಯದ ಕರಾರು’ ಎಂಬುದಕ್ಕೇ ಒಂದು ವ್ಯಾಖ್ಯೆಯಿದೆ. ನಷ್ಟಕ್ಕೆ ಹೋಲಿಸಿದರೆ ವಿಪರೀತವಾದ ದಂಡ, ಕಾರಣವಿಲ್ಲದೆ ಒಂದೇ ಕಡೆಯಿಂದ ಕರಾರು ರದ್ದು ಮಾಡುವ ಹಕ್ಕು ಮುಂತಾದವು ಅದರಲ್ಲಿ ಸೇರಿವೆ. ಇದರ ವಿರುದ್ಧ ರಾಜ್ಯ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ದೂರುದಾರನು ತಾನು ವಾಸಿಸುವ ರಾಜ್ಯದಲ್ಲೇ ಕೊಡಬಹುದು. 2020ರ ಇ-ವಾಣಿಜ್ಯ ನಿಯಮಗಳಂತೆ, ಖರೀದಿಯ ಒಪ್ಪಿಗೆಯ ಚೌಕದಲ್ಲಿ ಮಾರಾಟಗಾರನೇ ಮೊದಲೇ ಗುರುತು ಹಾಕಿಡುವಂತಿಲ್ಲ. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆನ್‌ಲೈನ್ ವಂಚನೆಯಿಂದ ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

‘ಒಪ್ಪು ಇಲ್ಲವೇ ಬಿಟ್ಟುಹೋಗು’ ಎಂಬ ಧೋರಣೆಗೂ ಪ್ರಶ್ನೆ ಎದ್ದಿದೆ. ವಾಟ್ಸಾಪ್ 2021ರಲ್ಲಿ ಬದಲಿಸಿದ ಖಾಸಗಿತನದ ನೀತಿಯ ಬಗ್ಗೆ ಭಾರತದ ಸ್ಪರ್ಧಾ ಆಯೋಗವು ಅದರ ಒಡೆಯರಾದ ಮೆಟಾ ಕಂಪೆನಿಗೆ 2024ರ ನವೆಂಬರ್‌ನಲ್ಲಿ 213.14 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ನವೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯೂ ಆ ದಂಡವನ್ನು ಎತ್ತಿಹಿಡಿಯಿತು.

ಆದರೆ ಒಂದು ಎಚ್ಚರಿಕೆ. ಷರತ್ತು ನಮಗೆ ಕಷ್ಟವಾಯಿತೆಂಬುದಕ್ಕೂ ಅನ್ಯಾಯವಾಯಿತೆಂಬುದಕ್ಕೂ ವ್ಯತ್ಯಾಸವಿದೆ. ಹಿಜ್ರಿ 6ರಲ್ಲಿ ಹುದೈಬಿಯಾದಲ್ಲಿ ಸಂಧಿಪತ್ರದ ಬರವಣಿಗೆ ನಡೆಯುತ್ತಿರುವಾಗಲೇ ಅಬೂ ಜಂದಲ್(ರ) ಸಂಕೋಲೆ ಎಳೆಯುತ್ತಾ ಬಂದು ಆಶ್ರಯ ಬೇಡಿದರು. ಮಕ್ಕಾದಿಂದ ಬಂದವರನ್ನು ಹಿಂದಿರುಗಿಸಬೇಕೆಂಬುದು ಷರತ್ತಾಗಿತ್ತು. ಸಹಾಬಿಗಳ ಹೃದಯ ಒಡೆಯಿತು. ಆದರೂ ಪ್ರವಾದಿ(ಸ)ರವರು ಅವರಿಗೆ ಸಹನೆಯನ್ನು ಉಪದೇಶಿಸಿ ಮಾತನ್ನು ಉಳಿಸಿಕೊಂಡರು. ಆ ಮಾತಿನ ತೂಕವನ್ನು ಬಲ್ಲವರು, ಹಣ ಕೊಟ್ಟು ಒಬ್ಬರು ಪಡೆದ ಖಾತೆಯನ್ನು ಷರತ್ತು ಮೀರಿ ಹತ್ತು ಮನೆಗೆ ಹಂಚುವುದನ್ನು ಜಾಣತನವೆಂದು ಕರೆಯಲಾರರು.

ಓದಲು ಬಾರದವರ ಪರವಾಗಿ

ಕೊನೆಯದಾಗಿ ಒಂದು ಮಾತು. ಮೇಲೆ ಹೇಳಿದ ದೀರ್ಘ ಸೂಕ್ತದಲ್ಲಿ ಇನ್ನೊಂದು ಆದೇಶವಿದೆ. ಸಾಲಗಾರನು ದುರ್ಬಲನಾಗಿದ್ದು ಸ್ವತಃ ಬರೆಸಲಾರದವನಾದರೆ ಅವನ ಪೋಷಕನು ನ್ಯಾಯದಿಂದ ಬರೆಸಬೇಕು. ಇದನ್ನು ಓದುವಾಗಲೆಲ್ಲ ನನಗೆ ನನ್ನ ಉಮ್ಮನ ಮೊಬೈಲ್ ನೆನಪಾಗುತ್ತದೆ. ಅದರಲ್ಲಿರುವ ಪ್ರತಿಯೊಂದು ‘ಒಪ್ಪಿದ್ದೇನೆ’ಯನ್ನೂ ಒತ್ತಿದವನು ನಾನು. ಏನಿದೆ ಎಂದು ಒಮ್ಮೆಯೂ ಅವರಿಗೆ ಹೇಳಿರಲಿಲ್ಲ. “ನೀನು ನೋಡಿದ್ದೀಯಲ್ಲ, ಸಾಕು ಮೋನೇ” ಎಂದು ಅವರು ಹೇಳುತ್ತಿದ್ದರು. ನಾನು ನೋಡಿರಲಿಲ್ಲ.

2023ರ ದತ್ತಾಂಶ ಕಾಯ್ದೆಯಲ್ಲಿ, ಮಾಹಿತಿ ಬಳಸಲು ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕೆಂದಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಕಂಪೆನಿಗಳ ಕರ್ತವ್ಯಗಳು ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಪಡಿಸಲಾಗಿದೆ. ಕನ್ನಡವೂ ಆ ಅನುಸೂಚಿಯಲ್ಲಿದೆ. ಕನ್ನಡದಲ್ಲಿ ಕೊಡಿರೆಂದು ನಾವು ಕೇಳಬೇಕು. ಕೊಟ್ಟಾಗ ಓದಲೂ ಬೇಕು. ಅಲ್ಲಿಯವರೆಗೆ ಮನೆಯಲ್ಲಿ ಓದು ಬಲ್ಲವನೇ ಓದು ಬಾರದವರ ಪತ್ರ ಬರಹಗಾರ.

ಪ್ರಿಯ ಓದುಗರೇ, ಇಂದು ರಾತ್ರಿ ನಿಮ್ಮ ಹಿರಿಯರ ಮೊಬೈಲನ್ನು ಕೈಗೆತ್ತಿಕೊಳ್ಳಿರಿ. ಯಾವ ಆ್ಯಪಿಗೆ ಏನೆಲ್ಲ ಅನುಮತಿ ಕೊಟ್ಟಿದ್ದೀರೆಂದು ನೋಡಿರಿ. ಬೇಡದ್ದನ್ನು ಅವರೊಡನೆ ಕೇಳಿ ಹಿಂತೆಗೆಯಿರಿ. ಮುಂದೆ ಅಂತಹ ಚೌಕ ಎದುರಾದಾಗ ಬೆರಳನ್ನು ಒಂದು ಕ್ಷಣ ತಡೆಯಿರಿ. ನಾಳೆ ಪರಲೋಕದಲ್ಲಿ ಬಾಯಿಗೆ ಮುದ್ರೆ ಬಿದ್ದು ಕೈಗಳು ಮಾತಾಡುವ ದಿನ ಬರಲಿದೆ. ಆ ಬೆರಳಿಗೂ ಹೇಳಲು ಏನಾದರೂ ಇರಬಹುದು.

ಆಡಿದ ಮಾತನ್ನು ತಿಳಿದು ಆಡುವವರ, ಆಡಿದ ಮೇಲೆ ಉಳಿಸಿಕೊಳ್ಳುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.